ಆಡುಗಳ ಮುಂದೆ ಇಂಗ್ಲಿಷ್

ರೋಜಾ ಅತ್ತಿಗೆ,

ಕುರಿ ಕಾಯಲು ಶಾಲೆ ಬಿಟ್ಟೆ ಎಂದು ಇಷ್ಟು ವರ್ಷ ಹೇಳಿದ್ದು ಸುಳ್ಳು. ಇಂಗ್ಲಿಷಿಗೆ ಹೆದರಿ ಬಿಟ್ಟೆ. ಈಗ ಏರ್ಕಾಡಿನ ಗೆಸ್ಟ್ ಹೌಸಿನಲ್ಲಿ ಕೆಲಸ ಮಾಡುತ್ತಾ ಅದನ್ನೇ ಕಲಿಯುತ್ತಿದ್ದೇನೆ. ಗೆಟ್ ಎಂಬ ಒಂದೇ ಮಾತಿಗೆ ಅಪ್ ಸೇರಿದರೆ ಎದ್ದೇಳು, ಇನ್ ಸೇರಿದರೆ ಒಳಗೆ ಹೋಗು, ಅಲಾಂಗ್ ಸೇರಿದರೆ ಹೊಂದಿಕೊಂಡು ಬಾಳು. ಊಟಿಯ ಹೋಟೆಲಿನವರು ಇಂಗ್ಲಿಷ್ ಬರುತ್ತದೆಯೇ ಎಂದು ಫೋನಿನಲ್ಲಿ ಕೇಳಿದರು. ಅರ್ಧ ಬರುತ್ತದೆ ಎಂದೆ. ಅಷ್ಟಕ್ಕೇ ಕೆಲಸ ಕೊಟ್ಟಿದ್ದಾರೆ.

ಇಲ್ಲಿ ಎಲ್ಲರದೂ ತಮಿಳು, ಕನ್ನಡ ಆಡುವವರು ಯಾರೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಕಾಫಿ ತೋಟದ ಅಂಚಿನ ಆಡುಗಳಿಗೇ "ಗೆಟ್ ಅಪ್, ಕಮ್ ಬ್ಯಾಕ್" ಎಂದು ಕೂಗಿ ಕಲಿಯುತ್ತಿದ್ದೆ. ಒಂದೂ ಕಿವಿ ಆಡಿಸುತ್ತಿರಲಿಲ್ಲ. ಇವತ್ತು ಬೇಸರವಾಗಿ, ನಮ್ಮ ಕುರಿಗಳನ್ನು ಕರೆಯುವಂತೆ ನಾಲಿಗೆ ಹೊರಳಿಸಿ "ಟುರ್ರ್, ಬಾ" ಎಂದೆ. ಎಲ್ಲವೂ ಓಡಿಬಂದು ಸುತ್ತ ನಿಂತವು. ಹಿಂದೆಯೇ ಅವುಗಳನ್ನು ಮೇಯಿಸುವ ಅಜ್ಜಿ ಬಂದರು.

"ಯಾವೂರ್ಲಾ ನಿಂದು? ಇಷ್ಟ್ ದಿನ ಆಡ್ಗೊಳ್ನ ಬೈತಾವ್ನೆ ಅನ್ಕಂಡಿದ್ದೆ."

ಕನ್ನಡ ಆಡುವ ಪಾಲಮಲೆ ಬೆಟ್ಟದಿಂದ ಇಲ್ಲಿಗೆ ಮದುವೆಯಾಗಿ ಬಂದವರಂತೆ.

"ನಾಳೆ ಬಾಲಾ, ಮುದ್ದೆ ಮಾಡಿರ್ತೀನಿ. ಮಾತಾಡಾಣ."

ಆಡುಗಳನ್ನು ಅವರ ದೊಡ್ಡಿಯವರೆಗೆ ಹೊಡೆದುಕೊಟ್ಟು ಬಂದೆ.

ಕೆಮ್ಮು ವಾಸಿಯಾಗಿದೆ, ಅಣ್ಣನ ಸ್ವೆಟರ್ ಸಾಕಾಗುತ್ತದೆ. ಅಮ್ಮನಿಗೆ ಓದಿ ಹೇಳಿ. ನಾಳೆ ಬೆಳಗಿನ ಬಸ್ಸಿಗೆ ಊಟಿಗೆ ಹೊರಡುತ್ತೇನೆ.

ಮಾದೇಶ