ರಂಗೋಲಿಗೆ ಹೋದ ಸೀಮೆಸುಣ್ಣ

ಅತ್ತಿಗೆ,

ಬೆಳಿಗ್ಗೆ ನೀವು ರಂಗೋಲಿ ಹಾಕಿದ್ದು ನಾನು ಮೂರು ದಿನ ಬಿಡುವಾದಾಗೆಲ್ಲ ಅರೆದು ಜರಡಿ ಹಿಡಿದಿಟ್ಟ ಸೀಮೆಸುಣ್ಣದ ಪುಡಿಯಲ್ಲಿ. “ಇಷ್ಟು ನುಣ್ಣಗಿರೋದು ಮೂಲೇಲಿ ಯಾಕಮ್ಮಿ ಬಿದ್ದಿರ್ಬೇಕು, ಗಂಡಿನೋರು ಬತ್ತಾವ್ರೆ” ಅಂದಿರಿ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

ಆ ಪುಡಿಯನ್ನು ಗಾಜಿನ ಕೊಳವೆಗೆ ತುಂಬಿ, ಸೊಪ್ಪಿನ ರಸ ಸುರಿದು, ಹಸಿರೂ ಹಳದಿಯೂ ಬೇರೆಯಾಗುವುದನ್ನು ನಾಳೆ ಬೆಂಗಳೂರಿನ ಕಾಲೇಜಿನಲ್ಲಿ ತೋರಿಸಿದರೇ ನನಗೆ ಕೆಲಸ. ಪುಡಿ ಇದ್ದಿದ್ದರೆ ಗಂಡಿನವರಿಗೆ ಮುಖ ತೋರಿಸಿ ಸಂಜೆ ಹೊರಡುತ್ತಿದ್ದೆ. ಈಗ ಅಲ್ಲಿಗೆ ಹೋಗಿ ಮತ್ತೆ ಅರೆಯುವುದಕ್ಕೇ ಅರ್ಧ ದಿನ ಬೇಕು. ಆಂಡರ್ಸನ್‌ಪೇಟೆಯಲ್ಲಿ ಸೀಮೆಸುಣ್ಣ ಕೊಂಡು, ಬಂಗಾರಪೇಟೆಯಲ್ಲಿ ಮಧ್ಯಾಹ್ನದ ರೈಲು ಹತ್ತುತ್ತೇನೆ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಬಂದವರಿಗೆ ಕೊಡಿ. ಬಾಟಲಿಯಲ್ಲಿ ಉಳಿದಿರುವ ಹಸಿರು ರಸ ಸ್ಪಿರಿಟ್ ಬೆರೆಸಿದ್ದು, ಕಷಾಯವಲ್ಲ, ಅಣ್ಣನಿಗೆ ಕುಡಿಸಬೇಡಿ. ನನಗೆಂದು ತೆಗೆದಿಟ್ಟ ರೇಷ್ಮೆ ಸೀರೆಯನ್ನು ಹುಡುಕಬೇಡಿ. ಉಟ್ಟುಕೊಂಡು ಹೋಗಿದ್ದೇನೆ.

ಯಶೋದೆ