ಕೆಂಪು ದಾರದ ಚಟ್ನಿಪುಡಿ

ಲೇಡೀಸ್ ಹಾಸ್ಟೆಲ್, ಚಿತ್ರದುರ್ಗ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವಾ,

ಹೇಗಿದ್ದೀಯ? ಮೊಣಕಾಲು ನೋವು ಕಮ್ಮಿಯಾಯಿತಾ? ಬಸ್ಸು ಹತ್ತಿ ಇಳಿದು ಕಾಲು ಊದಿಸಿಕೊಂಡಿದ್ದೀಯಂತೆ, ಜುಂಜೇಶಣ್ಣ ಹೇಳಿದ. ಬಿಸಿನೀರಲ್ಲಿ ಉಪ್ಪು ಹಾಕಿ ಕಾಲಿಟ್ಟುಕೋ. ನಾನು ಆರಾಮಾಗಿದ್ದೇನೆ, ನಾಳೆಯಿಂದ ಇಂಟರ್ನಲ್ಸ್ ಅಂತ ಟೆನ್ಷನ್ ಒಂದು ಬಿಟ್ಟರೆ. ಫೋನ್ ಮಾಡಿದರೆ ಪ್ರತಿ ಸಲವೂ ಅಂಜಲಿ ಅತ್ತಿಗೆಯೇ ಎತ್ತಿ, "ಅತ್ತೆ ಕೆಲ್ಸದಾಗ ಅದಾರೆ, ನಂಗೇ ಹೇಳು" ಅನ್ನುತ್ತಾರೆ. ಅವರಿಗೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಅದಕ್ಕೇ ಈ ಪತ್ರ. ಕನ್ನಡಕ ಹಾಕಿಕೊಂಡು ನೀನೇ ಓದು, ಅವರ ಕೈಲಿ ಓದಿಸಬೇಡ.

ಅಣ್ಣ ಎಲ್ಲಾ ಹೇಳಿದ. ಖಾರ ಬಿದ್ದ ಮೇಲೆ ಶೇಂಗಾ ಪುಡಿ, ಅಗಸೆ ಪುಡಿ ಎರಡೂ ಒಂದೇ ಬಣ್ಣ. ಗುರುತಿಗೆ ನಮ್ಮ ಹರಿಯಬ್ಬೆ ಮನೆಯಲ್ಲಿ ಶೇಂಗಾ ಚೀಲಕ್ಕೆ ಕೆಂಪು ದಾರ, ಅಗಸೆಗೆ ಬಿಳಿ ದಾರ. ಅತ್ತಿಗೆಯ ತವರು ಹೊಸದುರ್ಗದಲ್ಲಿ ಅದೇ ಉಲ್ಟಾ. ಅವರು ಯಾರನ್ನೂ ಕೇಳದೆ, ನೀನು ಅಂಗಡಿಗಳಿಗೆ ಕಳಿಸುವ ಚಟ್ನಿಪುಡಿಯನ್ನು ತವರಿನ ಲೆಕ್ಕದಲ್ಲಿ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರು. ಹೊಳಲ್ಕೆರೆಯಲ್ಲಿ ಅಗಸೆ ಅಂತ ತಿಂದ ಮಗುವಿಗೆ ಶೇಂಗಾ ಅಲರ್ಜಿ, ತುಟಿ ಊದಿತಂತೆ. ಸದ್ಯ, ಹುಷಾರಾಗಿದೆಯಲ್ಲ. ಹೀಗೆ ಮಾಲು ವಾಪಸ್ ತರಿಸುವುದಕ್ಕೆ ನಮ್ಮ ಕ್ಲಾಸಿನಲ್ಲಿ ರೀಕಾಲ್ ಅನ್ನುತ್ತಾರೆ. ನೀನು ಆ ಪದ ಕೇಳದೆಯೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟೆ.

ಅವ್ವಾ, ಒಂದು ಹೇಳುತ್ತೇನೆ, ಬೈಯಬೇಡ. ಅಂಗಡಿ ಓಬಳೇಶಪ್ಪನ ಮುಂದೆ "ತಪ್ಪು ನಂದೇ ಕಣಪ್ಪ, ದಾರದ ವಿಷ್ಯ ನಾನೇ ಹೇಳಿಕೊಡ್ಲಿಲ್ಲ" ಅಂದೆಯಂತೆ. ನಾನು ಒಂದು ಸಲ ಬಾಣಲೆಯಲ್ಲಿ ಶೇಂಗಾ ಸೀಯಿಸಿದ್ದಕ್ಕೆ "ಲೇ, ನಿಂಗ್ಯಾಕೆ ಬೇಕಿತ್ತು, ಓದ್ಕ ಹೋಗು" ಅಂತ ಒಲೆ ಮುಂದಿನಿಂದ ಎಬ್ಬಿಸಿದ್ದೆ. ಆರನೇ ಕ್ಲಾಸಿಗೇ ಹಾಸ್ಟೆಲಿಗೆ ಹಾಕಿದೆ. ಹುರಿಯುವ ಹದ ವಾಸನೆಯಲ್ಲೇ ತಿಳಿಯುವುದನ್ನು ನನಗೆ ಕಲಿಸಲೇ ಇಲ್ಲ, ಅತ್ತಿಗೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಲಿಸಿದೆ. ಅವರ ತಪ್ಪಿಗೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಲ್ಲಾ ಸುತ್ತಿದೆ. ಇದೇ ಚಿತ್ರದುರ್ಗದ ಬಸ್‌ಸ್ಟ್ಯಾಂಡ್ ಅಂಗಡಿಗೂ ಬಂದು ಪ್ಯಾಕೆಟ್ ತಗೊಂಡು ಹೋದೆಯಂತೆ. ಅಲ್ಲಿಂದ ನನ್ನ ಹಾಸ್ಟೆಲಿಗೆ ಆಟೋದಲ್ಲಿ ಐದು ನಿಮಿಷ. ಚಟ್ನಿಪುಡಿಯ ಮೇಲೆ ಹೊಟ್ಟೆಕಿಚ್ಚು ಪಡುವವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಅಣ್ಣನನ್ನು ಕೇಳಿದೆ ಅಂತ ಹೇಳು. ಅತ್ತಿಗೆಗೂ ಹೇಳು, ಹೇಳಲೇಬೇಕಲ್ಲ. ಮಾತ್ರೆ ಮರೆಯಬೇಡ.

ನಿನ್ನ ಒಬ್ಬಳೇ ಮಗಳು,
ರಂಜಿತಾ

ಮರೆತಿದ್ದೆ: ಒಂದು ಪ್ಯಾಕೆಟ್ ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ ಅಂತ ಒದ್ದಾಡುತ್ತಿದ್ದೀಯಂತೆ. ಅದು ನನ್ನ ಹತ್ತಿರ ಇದೆ. ಮನೆ ನೆನಪಾಗಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದೆ. ಒಡೆದಿಲ್ಲ, ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ, ಯಾರೂ ತಿನ್ನುವುದಿಲ್ಲ. ಆದರೆ ಅಣ್ಣನ ಕೈಗಾಗಲಿ ಅತ್ತಿಗೆ ಕೈಗಾಗಲಿ ಕೊಡುವುದಿಲ್ಲ. ಎಲ್ಲಾ ಅಂಗಡಿಗೂ ಹೋದ ಹಾಗೆ ಇಲ್ಲಿಗೂ ನೀನೇ ಬಂದು ತಗೊಂಡು ಹೋಗು.