ಬಂದರಿನಲ್ಲೇ ಉಳಿದ ಸಂದೇಶ

ಮನೆಯಿಂದ,
ಮಾರ್ಚ್ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೋಡಪ್ಪಾ,

ಹೇಗಿದ್ದೀಯೋ? ಹೀಗೆ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಗಾಳಿಯ ವೇಗ ಬರೆದುಕೊಳ್ಳಲು ದಿನಕ್ಕೆ ಎಂಟು ಸಲ ಈಗಲೂ ದ್ವೀಪದ ಹವಾಮಾನ ಕೇಂದ್ರದ ಆ ಕಬ್ಬಿಣದ ಏಣಿ ಹತ್ತುತ್ತೀಯಾ? ಊಟದ ತಟ್ಟೆ ಮುಂದಿದ್ದರೂ ಕಿಟಕಿಯಾಚೆ ಬಾಯಿಬಿಟ್ಟು ಮೋಡ ನೋಡುತ್ತ ಕೂರುತ್ತಿದ್ದ ನಿನಗೆ ಅಪ್ಪ ಇಟ್ಟ ಹೆಸರು ಕೊನೆಗೆ ಹೊಟ್ಟೆಪಾಡಿನ ಕೆಲಸವೇ ಆಯಿತಲ್ಲ. ಅಮ್ಮ ಚೆನ್ನಾಗಿದ್ದಾಳೆ. ಬಿಪಿ ಮಾತ್ರೆ ನುಂಗಿದ್ದೇನೆ ಎಂದು ಹೇಳಿ ದಿಂಬಿನಡಿ ಬಚ್ಚಿಡುವ ಚಾಳಿ ಮಾತ್ರ ಬಿಟ್ಟಿಲ್ಲ.

ಏಳು ವರ್ಷದ ಹಿಂದೆ ನಾನು ನಿನಗೆ ಬರೆದ ಕೊನೆಯ ಪತ್ರವನ್ನು ನೀನು ಮರೆತಿರಲಾರೆ. ನನಗಂತೂ ಅಕ್ಷರ ಅಕ್ಷರವೂ ನೆನಪಿದೆ. ಅಪ್ಪ ಕಳಿಸಿದ ಸಂದೇಶ ನಿನಗೆ ತಲುಪಿದ್ದನ್ನು ಕಣ್ಣಾರೆ ನೋಡಿದ್ದೇನೆ, ಸಾಯುವ ಅಪ್ಪನನ್ನು ನೋಡಲು ಬಾರದೆ ಈಗ ಸುಳ್ಳು ಬೇರೆ ಹೇಳುತ್ತೀಯಾ, ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಎಂದು ಬರೆದಿದ್ದೆ. 'ನನಗೇನೂ ಬರ್ಲಿಲ್ಲ ಅಕ್ಕಾ, ಸತ್ತ ಸುದ್ದಿ ಮಾತ್ರ ಬಂತು' ಎಂದು ನೀನು ಎರಡು ಸಲ ಬರೆದೆ. ನಾನು ನಂಬಲಿಲ್ಲ. ನೀನು ಹೇಳಿದ್ದು ನಿಜ. ಆ ಸಂದೇಶ ನಿನ್ನ ದ್ವೀಪವನ್ನು ಮುಟ್ಟಲೇ ಇಲ್ಲ, ಅದಕ್ಕೆ ಕಾರಣ ಆಫೀಸಿನಲ್ಲಿ ನಾನೇ ಬರೆದ ಪ್ರೋಗ್ರಾಂ.

ಗೊತ್ತಾದದ್ದು ಹೀಗೆ. ನಮ್ಮ ಆಫೀಸಿನ ಹಳೆಯ ಸಂವಹನ ಸರ್ವರ್‌ಗಳನ್ನೆಲ್ಲ ಈ ತಿಂಗಳು ಕಿತ್ತುಹಾಕುತ್ತಿದ್ದಾರೆ. ಗುಜರಿಗೆ ಹೋಗುವ ಮೊದಲು ಒಳಗಿರುವ ಪ್ರತಿಯೊಂದು ಫೈಲನ್ನೂ, ಆ ಪ್ರೋಗ್ರಾಂ ಬರೆದವರೇ ಕೂತು ಪಟ್ಟಿ ಮಾಡಬೇಕೆಂಬುದು ನಮ್ಮಲ್ಲಿಯ ನಿಯಮ. ಹಾಗಾಗಿ ಬಂದರಿನ ಸರ್ವರ್ ನನ್ನ ಪಾಲಿಗೆ ಬಂತು. ಗುರುವಾರ ಅದರ ಮೂಲೆಯ ಒಂದು ಫೈಲಿನಲ್ಲಿ, ಮುಂದೆ ಸಾಗದೆ ಉಳಿದ ನಲವತ್ತೊಂದು ಖಾಸಗಿ ಸಂದೇಶಗಳು ಸಿಕ್ಕವು. ಹದಿನೇಳನೆಯದರ ಮೇಲೆ ನಿನ್ನ ಕೇಂದ್ರದ ಸಂಖ್ಯೆ, ಅಪ್ಪನ ಹೆಸರು, ಅವರು ಆಸ್ಪತ್ರೆಗೆ ಸೇರಿದ ದಿನದ ತಾರೀಖು ಇತ್ತು. ನನ್ನ ಮುಖ ನೋಡಿ ಪಕ್ಕದಲ್ಲಿದ್ದ ಆಪರೇಟರಮ್ಮ ನೀರು ತಂದುಕೊಟ್ಟರು.

ನಿನಗೆ ಈ ಕೆಲಸ ಅರ್ಧಂಬರ್ಧ ಗೊತ್ತು, ಪೂರ್ತಿ ಹೇಳಿಬಿಡುತ್ತೇನೆ. ನಮ್ಮ ಜಾಲದಲ್ಲಿ ಸಂದೇಶ ಇಡಿಯಾಗಿ ಹೋಗುವುದಿಲ್ಲ. ಅದನ್ನು ಪ್ಯಾಕೆಟ್‌ಗಳಾಗಿ ತುಂಡು ಮಾಡಿ, ನಂಬರ್ ಹಾಕಿ, ಯಾವ ಲೈನು ಖಾಲಿಯಿದೆಯೋ ಅದರಲ್ಲಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ದಾಟಿಸುತ್ತೇವೆ. ಪ್ರತಿ ತುಂಡಿಗೂ ಆ ಕೊನೆಯಿಂದ 'ಸಿಕ್ಕಿತು' ಎಂಬ ಉತ್ತರ ಬರಬೇಕು, ಬಾರದಿದ್ದರೆ ಮತ್ತೆ ಕಳಿಸಬೇಕು. ನಿನ್ನ ದ್ವೀಪದ ಲೈನು ಬಸವನಹುಳು. ಉತ್ತರ ಬರುವಷ್ಟರಲ್ಲಿ ಇಲ್ಲಿಯ ಸರ್ವರ್ ತಾಳ್ಮೆಗೆಟ್ಟು ಅದನ್ನೇ ಮತ್ತೆ ಮತ್ತೆ ಕಳಿಸಿ ಲೈನನ್ನು ತುಂಬಿಸಿಬಿಡುತ್ತಿತ್ತು. 'ಅಕ್ಕಾ, ನಿನ್ನ ಮಿಷನ್ನಿಗೆ ಕಿವಿ ಕೇಳ್ಸಲ್ವಾ, ಹೇಳಿದ್ದೇ ಹೇಳ್ತದೆ' ಎಂದು ರೇಗಿಸಿದವನು ನೀನೇ. ಅದಕ್ಕೇ ನಾನು ಪ್ರೋಟೋಕಾಲ್, ಅಂದರೆ ಸರ್ವರ್‌ಗಳು ಮಾತಾಡಿಕೊಳ್ಳುವ ಕ್ರಮವನ್ನು, ಬದಲಿಸಿದೆ. ದ್ವೀಪದ ಪರವಾಗಿ ನಡುವಿನ ಬಂದರಿನ ಸರ್ವರೇ 'ಸಿಕ್ಕಿತು' ಎಂದು ಹೇಳಿಬಿಡುವುದು, ಆಮೇಲೆ ನಿಧಾನವಾಗಿ ಮುಂದಕ್ಕೆ ಸಾಗಿಸುವುದು. ಲೈನು ಹಗುರಾಯಿತು. ಎಲ್ಲರೂ ಬೆನ್ನು ತಟ್ಟಿದರು, ನಾನೂ ಉಬ್ಬಿಹೋದೆ. ಆದರೆ ಕಳಿಸಿದವರ ಪರದೆಯ ಮೇಲೆ ಬರುವ 'ತಲುಪಿದೆ' ಎಂಬ ಪದವನ್ನು ಮಾತ್ರ ಬದಲಿಸಲಿಲ್ಲ. 'ಬಂದರಿನವರೆಗೆ ಹೋಗಿದೆ' ಎಂದು ಇರಬೇಕಿತ್ತು. ಇಷ್ಟೇ ನಾನು ಮಾಡಿದ ತಪ್ಪು, ಇಷ್ಟು ದೊಡ್ಡದು.

ಅಪ್ಪ ಅವತ್ತು ಆಸ್ಪತ್ರೆಯ ದಾರಿಯಲ್ಲಿ ಆಟೋ ನಿಲ್ಲಿಸಿ ನನ್ನ ಆಫೀಸಿಗೆ ಬಂದಿದ್ದರು. ಸಂದೇಶ ತಾವೇ ಟೈಪ್ ಮಾಡುವುದಾಗಿ ಹಟ ಹಿಡಿದರು. ಎರಡೇ ಬೆರಳಲ್ಲಿ, ಕಾಲು ಗಂಟೆ. ಇಣುಕಿದರೆ ಗದರುತ್ತಾರೆಂದು ನಾನು ಬೆನ್ನು ತಿರುಗಿಸಿ ನಿಂತೆ. ಪರದೆಯಲ್ಲಿ 'ತಲುಪಿದೆ' ಎಂಬ ಹಸಿರು ಅಕ್ಷರ ಮೂಡಿದಾಗ 'ತಲುಪಿತು ಅಪ್ಪಾ' ಎಂದೆ. ಮೂವತ್ತು ವರ್ಷ ಅಂಚೆಯಲ್ಲಿ ಕಾಗದ ವಿಂಗಡಿಸಿದವರು ಸುಮ್ಮನೆ ಬಿಡುತ್ತಾರೆಯೇ? 'ಸಹಿ ಹಾಕಿ ತಗೊಂಡಿದ್ದು ಯಾರು? ಅವನಾ, ನಡುವಿನ ಆಫೀಸಿನವರಾ?' ಎಂದು ಕೇಳಿದರು. 'ಇದು ನಿಮ್ಮ ಅಂಚೆ ಅಲ್ಲ ಅಪ್ಪಾ' ಎಂದು ನಾನು ನಕ್ಕೆ. ಆ ನಗು ಈಗ ನನ್ನನ್ನು ಕೊಲ್ಲುತ್ತಿದೆ.

ಅದೇ ಸಂಜೆ ಬಿರುಗಾಳಿಗೆ ನಿನ್ನ ಲೈನು ಬಿತ್ತು. ಬಂದರಿನ ಸರ್ವರ್ ತುಂಬಿ, ಹವಾಮಾನದ ಲೆಕ್ಕಗಳಿಗೆ ಜಾಗ ಬಿಡಲು ಖಾಸಗಿ ಸಂದೇಶಗಳನ್ನು ಮೂಲೆಗೆ ಸರಿಸಿತು. ಹನ್ನೊಂದು ದಿನದ ಮೇಲೆ ಲೈನು ಬಂದಾಗ ಅವುಗಳ ಗೋಜಿಗೆ ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ.

ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ 'ಹಾಗಾದ್ರೆ ಏಳು ವರ್ಷ ನನ್ನ ಮಗನ್ನ ಸುಮ್‌ಸುಮ್ನೆ ಶಪಿಸಿದೆನಾ?' ಎಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ ಕಣೋ. ಅವಳಿಗಾಗಿ ಒಮ್ಮೆ ಬಾ. ನಾನು ಎದುರಿಗಿರುವುದು ಬೇಡವೆನಿಸಿದರೆ ಹೇಳು, ನೀನಿರುವಷ್ಟು ದಿನ ಬೇರೆಲ್ಲಾದರೂ ಇರುತ್ತೇನೆ.

ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ. ಏಣಿ ಹತ್ತುವಾಗ ಹುಷಾರು.

ನಿನ್ನ,
ಅಕ್ಕ

ಮರೆತ ಮಾತು: ಖಾಸಗಿ ಸಂದೇಶ ಓದಬಾರದೆಂಬುದು ನಮ್ಮ ನಿಯಮ, ಹಾಗಾಗಿಯೇ ಮೇಲಿನ ವಿಳಾಸ ಮಾತ್ರ ನೋಡಿದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಓದಲು ಹೆದರಿದ್ದೆ. ಲಕೋಟೆ ಅಂಟಿಸುವ ಮೊದಲು, ನಿನಗೆ ನಕಲು ಮಾಡಿ ಕಳಿಸಲೆಂದು, ಆಫೀಸಿನಿಂದ ಮಡಚಿ ತಂದಿದ್ದ ಪ್ರಿಂಟನ್ನು ಬಿಚ್ಚಿ ಈಗಷ್ಟೇ ಓದಿದೆ. ಇದ್ದದ್ದು ಇಷ್ಟು: 'ಮಗಾ, ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಗಾಬರಿಯಾಗಿ ಹೊರಡಬೇಡ. ಸಮುದ್ರ ಕೆಟ್ಟಿದೆಯಂತೆ. ಏನೇ ಆದರೂ ದೋಣಿ ಹತ್ತಬೇಡ. ಇಲ್ಲೇ ಇದ್ದೇನೆ ಅಂತ ಒಂದು ಸಾಲು ಕಳಿಸು, ನನಗೆ ಅಷ್ಟು ಸಾಕು.' ಅಪ್ಪ ನಿನ್ನನ್ನು ಕರೆದೇ ಇರಲಿಲ್ಲ ಕಣೋ. ಗಂಟಲಿಗೆ ನಳಿಕೆ ಹಾಕಿದ್ದರಿಂದ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ನಾನು ಸಮಾಧಾನಕ್ಕೆಂದು ದಿನಾ ಕಿವಿಯ ಹತ್ತಿರ ಬಗ್ಗಿ, ಅವನಿಗೆ ಸಂದೇಶ ಸಿಕ್ಕಿದೆ, ದೋಣಿ ಹತ್ತಿದ್ದಾನೆ, ಬರ್ತಾ ಇದ್ದಾನೆ ಎನ್ನುತ್ತಿದ್ದೆ. ಅವರು ಮಳೆ ಬಡಿಯುತ್ತಿದ್ದ ಕಿಟಕಿಯ ಕಡೆ ನೋಡಿ ಮಂಚದ ಕಂಬಿಗೆ ಕೈ ಬಡಿಯುತ್ತಿದ್ದರು. ನಿನ್ನನ್ನು ನೋಡುವ ಆತುರ ಎಂದುಕೊಂಡೆ. ಅವರು ಹೋಗುವವರೆಗೆ ನಾಲ್ಕು ದಿನವೂ ಹಾಗೇ ಹೇಳಿದೆ. ಇದನ್ನು ಅಮ್ಮನಿಗೆ ಹೇಳಿಲ್ಲ. ನೀನೂ ಹೇಳಬೇಡ.